ಪೈಥಾನ್‌ನಲ್ಲಿ ನಾನೇ ಬರೆದ ಶಾ-256 ಇಂಗ್ಲಿಷ್‌ಗೆ ಸರಿ ಬರುತ್ತದೆ, ಕನ್ನಡಕ್ಕೆ ತಪ್ಪುತ್ತದೆ. ಯಾಕೆ?

ನೀವು ಗದಗದಲ್ಲಿ ಬಿಸಿಎ ಓದುತ್ತಿದ್ದೀರಿ, ಲೈಬ್ರರಿ ಮುಟ್ಟದೆ ಶಾ-256 ಬರೆದಿದ್ದೀರಿ, ಅಂದರೆ ಯಾವ ಸಂದೇಶ ಕೊಟ್ಟರೂ ಅದಕ್ಕೆ 256 ಬಿಟ್‌ನ ಗುರುತು (ಹ್ಯಾಶ್) ತೆಗೆಯುವ ವಿಧಾನ. ಇಂಗ್ಲಿಷ್ ಸಣ್ಣಕ್ಷರದ ‘ಎಬಿಸಿ’ಗೆ ಪೈಥಾನ್‌ನ ಸಿದ್ಧ ಲೈಬ್ರರಿ ಹ್ಯಾಶ್‌ಲಿಬ್ ಕೊಡುವ ಉತ್ತರವೇ ಬರುತ್ತದೆ, ಕನ್ನಡದ ಊರ ಹೆಸರುಗಳಿಗೆ ಬರುವುದಿಲ್ಲ. ಇದೇ ಅಲ್ವಾ ನಿಮ್ಮ ತೊಂದರೆ?

‘ಎಬಿಸಿ’ ಸರಿ ಬಂತು ಅಂದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಶಾ-256 ಬಿಟ್‌ಗಳನ್ನು ಕಲಸುವ 64 ಸುತ್ತುಗಳಲ್ಲಿ ಎಲ್ಲೋ ಒಂದು ಬಿಟ್ ತಪ್ಪಿದ್ದರೂ ಉತ್ತರ ಪೂರ್ತಿ ಬೇರೆ ಆಗುತ್ತಿತ್ತು. ಪೈಥಾನ್‌ನಲ್ಲಿ ಸಂಖ್ಯೆ ಎಷ್ಟು ಬೇಕಾದರೂ ಬೆಳೆಯುತ್ತದೆ, ಕೂಡಿದಾಗಲೆಲ್ಲ 32 ಬಿಟ್‌ಗೆ ನಾವೇ ಕತ್ತರಿಸಬೇಕು. ಹೆಚ್ಚಿನವರು ಸಿಕ್ಕಿಬೀಳುವುದು ಅಲ್ಲೇ. ನೀವು ಅದನ್ನು ದಾಟಿದ್ದೀರಿ, ಸುಮ್ನೆ ಆ ಭಾಗ ಕೆದಕಬೇಡಿ.

ನನ್ನ ಅನುಮಾನ ಒಳಗೆ ಹೋಗುವ ಮಾಲಿನ ಮೇಲೆ. ಒಂದೊಂದು ಅಕ್ಷರಕ್ಕೂ ‘ಆರ್ಡ್’ ಹಾಕಿ ಸಂಖ್ಯೆ ತೆಗೆದಿರುತ್ತೀರಿ. ಇಂಗ್ಲಿಷ್ ಸಣ್ಣ ‘ಎ’ಗೆ 97 ಬರುತ್ತದೆ, ಒಂದು ಬೈಟ್‌ನಲ್ಲಿ ಕೂರುತ್ತದೆ. ನಮ್ಮ ‘ಗ’ಕ್ಕೆ ಬರುವುದು 3223. ಒಂದು ಬೈಟ್ 255ಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಮೊದಲು ಸ್ಟ್ರಿಂಗ್ ಅನ್ನು ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ಗೆ ‘ಎನ್‌ಕೋಡ್’ ಮಾಡಿ. ಆಗ ‘ಗ’ 224, 178, 151 ಎಂಬ ಮೂರು ಬೈಟ್ ಆಗುತ್ತದೆ.

ಉದ್ದ ಅಳೆಯುವುದೂ ಅದಾದ ಮೇಲೆಯೇ. ‘ಹುಬ್ಬಳ್ಳಿ’ ನಮಗೆ ಮೂರಕ್ಷರ. ಪೈಥಾನ್‌ನ ‘ಲೆನ್’ 9 ಅನ್ನುತ್ತದೆ, ಯಾಕೆಂದರೆ ಒತ್ತು, ಗುಣಿತದ ಚಿಹ್ನೆಗಳನ್ನೂ ಬೇರೆ ಬೇರೆ ಎಣಿಸುತ್ತದೆ. ಬೈಟ್ ಲೆಕ್ಕದಲ್ಲಿ 27. ಶಾ-256ರಲ್ಲಿ ಸಂದೇಶದ ಕೊನೆಗೆ ಅದರ ಉದ್ದವನ್ನೂ ಸೇರಿಸುತ್ತೇವಲ್ಲ, ಅದು ಬಿಟ್‌ಗಳಲ್ಲಿರಬೇಕು, ಅಂದರೆ 216.

ಇಷ್ಟು ಮಾಡಿ ಈ ಸಾಲು ಕೊಟ್ಟು ನೋಡಿ: ‘ಹುಬ್ಬಳ್ಳಿ-ಧಾರವಾಡ-ಗದಗ’. ಧಾರವಾಡದಲ್ಲಿ ನನ್ನ ಹತ್ತಿರ ಪೈಥಾನ್ ಕಲಿಯಲು ಬರುವವರಿಗೆ ಇದನ್ನೇ ಕೊಡುತ್ತೇನೆ, ಬೇಕಂತಲೇ. ಇದು ಸರಿಯಾಗಿ 56 ಬೈಟ್. ಶಾ-256 ಸಂದೇಶವನ್ನು ತುಂಡು ತುಂಡಾಗಿ ಓದುತ್ತದೆ, ಆ ತುಂಡು ಅಂದರೆ ಬ್ಲಾಕ್ ಇರುವುದು 64 ಬೈಟಿನದು. ಸಂದೇಶದ ನಂತರ 128 ಎಂಬ ಒಂದು ಬೈಟ್, ಕೊನೆಗೆ ಉದ್ದಕ್ಕೆ 8 ಬೈಟ್. ಒಟ್ಟು 65! ಒಂದೇ ಒಂದು ಬೈಟ್ ಹೊರಗೆ ಉಳಿಯಿತು, ಹಾಗಾಗಿ ಎರಡನೇ ಬ್ಲಾಕ್ ಬೇಕೇ ಬೇಕು. ನಡುವೆ ತುಂಬುವ ಸೊನ್ನೆಗಳನ್ನು ನೀವು 55ರಿಂದ ಉದ್ದ ಕಳೆದು ಲೆಕ್ಕ ಹಾಕಿದ್ದರೆ ಇಲ್ಲಿ -1 ಬರುತ್ತದೆ. ಸೊನ್ನೆ ಬೈಟನ್ನು -1ರಿಂದ ಗುಣಿಸಿದರೆ ಪೈಥಾನ್ ಎರರ್ ಕೊಡುವುದಿಲ್ಲ, ಖಾಲಿ ಕೊಟ್ಟು ಸುಮ್ಮನಾಗುತ್ತದೆ. ಕಳೆದು ಬಂದದ್ದನ್ನು 64ರಿಂದ ಭಾಗಿಸಿ ಶೇಷ ತೆಗೆದುಕೊಳ್ಳಿ. ಪೈಥಾನ್‌ನಲ್ಲಿ -1ಕ್ಕೆ ಶೇಷ 63 ಬರುತ್ತದೆ, ಒಟ್ಟು 128 ಬೈಟ್, ಎರಡು ಬ್ಲಾಕ್ ಸರಿಯಾಗಿ ತುಂಬುತ್ತವೆ. ಎರಡನೇ ಬ್ಲಾಕ್ ಮೊದಲನೆಯದರ ಫಲಿತಾಂಶದಿಂದಲೇ ಶುರುವಾಗಬೇಕು. ಅಲ್ಲಿ ಮತ್ತೆ ಶಾ-256 ಶುರುವಾಗುವ ಮೂಲದ ಎಂಟು ಸಂಖ್ಯೆ ತುಂಬಬೇಡಿ.

‘ಹಾವೇರಿ’ಯದು ಬೇರೆಯೇ ತಂಟೆ. ‘ವೇ’ ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿ ಇವೆ. ಏತ್ವಕ್ಕೆ ಒಂದೇ ಚಿಹ್ನೆ ಹಾಕಬಹುದು, ಇಲ್ಲವೇ ಎತ್ವ ಹಾಕಿ ಮೇಲೆ ದೀರ್ಘ ಸೇರಿಸಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್ ಮಾತ್ರ ಒಂದರಲ್ಲಿ 18, ಇನ್ನೊಂದರಲ್ಲಿ 21. ಹ್ಯಾಶ್‌ಲಿಬ್ ಕೂಡ ಇವಕ್ಕೆ ಎರಡು ಉತ್ತರ ಕೊಡುತ್ತದೆ, ನಿಮ್ಮ ಕೋಡನ್ನು ಬೈಯಬೇಡಿ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ‘ನಾರ್ಮಲೈಸ್’ ಇದೆ. ಎನ್‌ಕೋಡ್‌ಗೆ ಮೊದಲು ಎರಡನ್ನೂ ಒಂದೇ ಮಾಡುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ.

ಇದನ್ನೇ ಕಾಲೇಜು ಪ್ರಾಜೆಕ್ಟಿನ ಲಾಗಿನ್‌ನಲ್ಲಿ ಪಾಸ್‌ವರ್ಡ್ ಇಡಲು ಬಳಸಬಹುದೇ ಅಂತಲೂ ಕೇಳಿದ್ದೀರಿ. ಬೇಡ. ಶಾ-256 ತುಂಬಾ ವೇಗ, ಹ್ಯಾಶ್‌ಗಳನ್ನು ಕದ್ದವನು ಪಾಸ್‌ವರ್ಡ್‌ಗಳನ್ನು ಊಹಿಸಿ ಊಹಿಸಿ ಪರೀಕ್ಷಿಸಲು ಅದೇ ಅನುಕೂಲ. ಹ್ಯಾಶ್‌ಲಿಬ್‌ನಲ್ಲೇ ‘ಎಸ್‌ಕ್ರಿಪ್ಟ್’ ಇದೆ, ಬೇಕಂತಲೇ ನಿಧಾನ ಮಾಡಿದ್ದು. ಒಬ್ಬೊಬ್ಬರಿಗೂ ಬೇರೆ ಸಾಲ್ಟ್ (ಪಾಸ್‌ವರ್ಡ್ ಜೊತೆ ಬೆರೆಸುವ ಯಾದೃಚ್ಛಿಕ ಬೈಟ್‌ಗಳು) ಕೊಟ್ಟು ಅದನ್ನೇ ಬಳಸಿ. ನಿಮ್ಮ ಶಾ-256 ಅನ್ನು ಅದೇ ಪ್ರಾಜೆಕ್ಟ್‌ನಲ್ಲಿ ಫೈಲ್ ಬದಲಾಗಿದೆಯೋ ಇಲ್ಲವೋ ನೋಡಲು ಹಾಕಿ. ವೈವಾದಲ್ಲಿ ಕೇಳಿದರೆ ಆ 56 ಬೈಟಿನ ಸಾಲನ್ನೇ ಓಡಿಸಿ ತೋರಿಸಿ.