ಬಯಲಾಟದ ವಿಡಿಯೊ ಫಿಲ್ಮ್‌ನಲ್ಲಿ ತೆಗೆದ ಹಾಗೆ ಕಾಣಬೇಕಾದರೆ ಏನು ಮಾಡಬೇಕು?

ಮಿರರ್‌ಲೆಸ್ ಕ್ಯಾಮರಾದಲ್ಲಿ ಬಯಲಾಟ ಶೂಟ್ ಮಾಡಿದ್ದೀರಿ, ಟಿವಿ ಧಾರಾವಾಹಿಯ ಹಾಗೆ ಕಾಣುತ್ತಿದೆ, ಯಾವ ಲಟ್ (LUT, ವಿಡಿಯೊದ ಬಣ್ಣ ಬದಲಿಸುವ ಸಿದ್ಧ ಫೈಲು) ಹಾಕಲಿ ಅಂತ ಕೇಳಿದ್ದೀರಿ. ಲಟ್ ಆಮೇಲೆ ನೋಡೋಣ. ಮೊದಲು ನಿಮ್ಮ ಫೂಟೇಜ್‌ನಲ್ಲಿ ಬೆಂಕಿ ಹೇಗೆ ಬಂದಿದೆ ನೋಡಿ.

ನಾನು ಕುಂಬಳೆಯವನು. ಈ ಕಡೆಯ ಆಟಗಳನ್ನೇ ಶೂಟ್ ಮಾಡುವುದು. ಮಹಿಷಾಸುರ ದೊಂದಿ ಬೆಳಕಿನಲ್ಲಿ ಸಭೆಯ ನಡುವೆ ಬರುವಾಗ ರಾಳದ ಪುಡಿ ಎರಚುತ್ತಾರಲ್ವಾ, ಬೆಂಕಿ ಭಗ್ಗನೆ ಏಳುತ್ತದೆ. ವಿಡಿಯೊ ಯಾವುದು, ಫಿಲ್ಮ್ ಯಾವುದು ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ. ಫಿಲ್ಮ್ ನೆಗೆಟಿವ್‌ನಲ್ಲಿ ಬೆಳಕು ಜಾಸ್ತಿಯಾದರೂ ಕಿತ್ತಳೆ, ಹಳದಿ, ಬಿಳಿ ಅಂತ ಮೆಲ್ಲಗೆ ಏರುತ್ತದೆ. ಡಿಜಿಟಲ್ ಸೆನ್ಸರ್ ತನ್ನ ಮಿತಿ ಮುಟ್ಟಿದ ಕೂಡಲೇ ಕೈಬಿಡುತ್ತದೆ. ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಒಂದು ಬಿಳಿ ತುಂಡು ಉಳಿಯುತ್ತದೆ. ಅದನ್ನು ಯಾವ ಲಟ್ ಕೂಡ ಸರಿ ಮಾಡುವುದಿಲ್ಲ. ಮುಂದಿನ ಸಲ ಲಾಗ್ ಪ್ರೊಫೈಲ್ (ಬೆಳಕು, ನೆರಳಿನ ವಿವರ ಹೆಚ್ಚು ಉಳಿಸುವ ಸಪ್ಪೆ ಬಣ್ಣದ ರೆಕಾರ್ಡಿಂಗ್) ಇಟ್ಟು, ಝೀಬ್ರಾ (ಬೆಳಕು ಜಾಸ್ತಿಯಾದ ಕಡೆ ಸ್ಕ್ರೀನಿನಲ್ಲಿ ಗೆರೆ ತೋರಿಸುವ ಸೂಚನೆ) ಹಾಕಿ, ಬೆಂಕಿ ನೋಡಿಕೊಂಡು ಎಕ್ಸ್‌ಪೋಶರ್ ಇಡಿ. ನಟ್ಟನಡು ಬಿಳಿಯಾದರೆ ಆಗಲಿ, ಅಂಚಿನ ಬಣ್ಣ ಉಳಿಯಬೇಕು. ವೇಷದ ಕೆಂಪಿಗೂ ಇದೇ ಮಾತು. ಕೆಂಪು ಚಾನೆಲ್ ತುಂಬಿಹೋದರೆ ಬಟ್ಟೆಯ ನೆರಿಗೆಯೇ ಕಾಣುವುದಿಲ್ಲ.

ಸೆಕೆಂಡಿಗೆ ಫ್ರೇಮ್ 24 ಅಥವಾ 25, ಶಟರ್ 1/50 ಸೆಕೆಂಡ್ ಇಡಿ. ಸಿನಿಮಾ ಕ್ಯಾಮರಾದ 180 ಡಿಗ್ರಿ ಶಟರ್‌ನಲ್ಲಿ (ಅರ್ಧ ಸುತ್ತು ತೆರೆದಿರುವ ತಿರುಗುವ ಶಟರ್) 24 ಫ್ರೇಮ್ ಓಡುವಾಗ ಒಂದು ಫ್ರೇಮಿಗೆ 1/48 ಸೆಕೆಂಡ್ ಬೆಳಕು ಬೀಳುತ್ತದೆ, ಹೆಚ್ಚುಕಮ್ಮಿ ಅದೇ ಲೆಕ್ಕ. ಧೀಂಗಿಣ (ಸುತ್ತುತ್ತಾ ಹಾರುವ ಕುಣಿತ) ಹಾಕುವಾಗ ವೇಷದ ಅಂಚು ಹದವಾಗಿ ಮಸುಕಾಗುತ್ತದೆ. 1/200 ಇಟ್ಟರೆ ಕುಣಿತ ತುಂಡುತುಂಡಾಗುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ರಂಗಸ್ಥಳದ ದೀಪಗಳ ಪಟ್ಟೆಯೂ 1/50ರಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಹಗಲು ಬೇಕಲ ಕೋಟೆಯಂಥ ಕಡೆ ಇದೇ ಶಟರ್ ಬೇಕಾದರೆ ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬೀಳುವ ಬೆಳಕು ತಗ್ಗಿಸುವ ಕಪ್ಪು ಗಾಜು) ಇಲ್ಲದೆ ಆಗದು. ಕ್ಯಾಮರಾದ ಶಾರ್ಪ್‌ನೆಸ್ ಪೂರ್ತಿ ಇಳಿಸಿಬಿಡಿ. ಧಾರಾವಾಹಿಯ ಕಳೆ ಅರ್ಧ ಬರುವುದೇ ಅದರಿಂದ.

ಈಗ ಕೈಯಲ್ಲಿರುವ ಫೂಟೇಜ್‌ಗೆ ಬರೋಣ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕೊಡಾಕ್ 2383 ಲಟ್ ಇದೆ. ಅದು ಥಿಯೇಟರ್ ಪ್ರಿಂಟ್ ಫಿಲ್ಮ್‌ನ ನಕಲು. ಅದಕ್ಕೆ ಸಿನಿಯಾನ್ ಲಾಗ್ (ಫಿಲ್ಮ್ ಸ್ಕ್ಯಾನಿಗೆಂದು ಕೊಡಾಕ್ ಮಾಡಿದ ಲಾಗ್ ರೂಪ) ಇನ್‌ಪುಟ್ ಬೇಕು. ಸುಮ್ನೆ ಮಾಮೂಲಿ ವಿಡಿಯೊ ಮೇಲೆ ಹಾಕಿದರೆ ನೆರಳೆಲ್ಲ ಕಪ್ಪಾಗಿ ಹೋಗುತ್ತದೆ. ಮೊದಲು ರಿಸಾಲ್ವ್‌ನ ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ ಎಂಬ ಎಫೆಕ್ಟ್‌ನಲ್ಲಿ ಗಾಮಾವನ್ನು (ಬೆಳಕು, ನೆರಳನ್ನು ಅಂಕಿಗೆ ಇಳಿಸುವ ಲೆಕ್ಕ) ಸಿನಿಯಾನ್‌ಗೆ ಬದಲಿಸಿ, ಆಮೇಲೆ ಲಟ್ ಹಾಕಿ.

ದೊಂದಿಯ ಸುತ್ತ ತೆಳು ಕೆಂಪು ಹೊಳಪು ಬಂದರೆ ಚೆನ್ನ. ಫಿಲ್ಮ್‌ನಲ್ಲಿ ಜೋರು ಬೆಳಕು ಪದರಗಳನ್ನು ದಾಟಿ, ಹಿಂಬದಿಗೆ ತಾಗಿ ವಾಪಸ್ ಬರುತ್ತದೆ. ಕೆಂಪು ಬೆಳಕು ಹಿಡಿಯುವ ಪದರ ಅಡಿಯಲ್ಲಿರುವುದರಿಂದ ಮೊದಲು ಅದಕ್ಕೇ ತಗಲುತ್ತದೆ. ಹೈಲೈಟ್ ಮಾತ್ರ ಬೇರ್ಪಡಿಸಿ, ಬ್ಲರ್ ಮಾಡಿ, ಕೆಂಪು ಬಣ್ಣ ಕೊಟ್ಟು ಸ್ಕ್ರೀನ್ ಮೋಡ್‌ನಲ್ಲಿ (ಮೇಲಿನ ಚಿತ್ರದ ಬೆಳಕನ್ನು ಕೆಳಗಿನದಕ್ಕೆ ಕೂಡಿಸುವ ಆಯ್ಕೆ) ಸ್ವಲ್ಪವೇ ಸೇರಿಸಿ.

ಗ್ರೇನ್ (ಫಿಲ್ಮ್‌ನಲ್ಲಿ ಕಾಣುವ ಸಣ್ಣ ಕಾಳುಕಾಳು) ಕೊನೆಯಲ್ಲಿ ಬರಲಿ, ತೀರಾ ಕಡಿಮೆ ಇರಲಿ. ಯೂಟ್ಯೂಬ್ ಅದನ್ನು ಉಜ್ಜಿ ಹಾಕುತ್ತದೆ. ಶೂಟ್ 1080ರಲ್ಲಿ ಆಗಿದ್ದರೂ 4ಕೆಗೆ ಏರಿಸಿ ಅಪ್‌ಲೋಡ್ ಮಾಡಿ, ಬಿಟ್‌ರೇಟ್ (ಸೆಕೆಂಡಿಗೆ ಸಿಗುವ ಡೇಟಾ) ಜಾಸ್ತಿ ಸಿಗುತ್ತದೆ.