ಲಿಬಿಯಾದ ಬೆಂಕಿ ಮಾಲಿಗೆ ತಲುಪಿದ್ದು ಹೇಗೆ?

2011ರಲ್ಲಿ ನೇಟೊ (ಅಮೆರಿಕ, ಯುರೋಪ್ ದೇಶಗಳ ಸೇನಾ ಒಕ್ಕೂಟ) ಬಾಂಬ್ ಹಾಕಿದ್ದು ಲಿಬಿಯಾದ ಮೇಲೆ, ಹಾಗಿದ್ದರೆ ಪಶ್ಚಿಮ ಆಫ್ರಿಕಾದ ಮಾಲಿ ಯಾಕೆ ಹಾಳಾಯಿತು ಅಂತ ಕೇಳಿದ್ದೀರಿ. ಎರಡಕ್ಕೂ ಗಡಿ ಸಹ ತಾಗಿಲ್ಲ, ನಿಜ. ಆದರೆ ಲಿಬಿಯಾವನ್ನು ಆಳುತ್ತಿದ್ದ ಗಡಾಫಿಯ ಸೇನೆಯಲ್ಲಿ ಮಾಲಿ ಮೂಲದ ತುವಾರೆಗ್ (ಸಹಾರಾ ಮರುಭೂಮಿಯ ಅಲೆಮಾರಿ ಜನಾಂಗ) ಯೋಧರು ಬಹಳ ಜನ ಇದ್ದರು. ಅಕ್ಟೋಬರ್‌ನಲ್ಲಿ ಗಡಾಫಿ ಸತ್ತ. ಈ ಯೋಧರು ಸುಮ್ನೆ ಬರಿಗೈಲಿ ಊರಿಗೆ ಮರಳಲಿಲ್ಲ. ಲಿಬಿಯಾದ ಆಯುಧ ಉಗ್ರಾಣಗಳಿಗೆ ಕಾವಲೇ ಇರಲಿಲ್ಲ, ಬಂದೂಕು, ಮದ್ದುಗುಂಡು ತುಂಬಿಕೊಂಡು ಮರುಭೂಮಿ ದಾಟಿದರು.

2012ರ ಜನವರಿಯಲ್ಲಿ ಉತ್ತರ ಮಾಲಿಯಲ್ಲಿ ತುವಾರೆಗರ ದಂಗೆ. ಮಾರ್ಚ್‌ನಲ್ಲಿ ರಾಜಧಾನಿ ಬಮಾಕೊದಲ್ಲಿ ಸೇನೆಯೇ ಸರ್ಕಾರ ಉರುಳಿಸಿತು. ಆಮೇಲೆ ಜಿಹಾದಿ ಗುಂಪುಗಳು ತುವಾರೆಗ್ ಬಂಡುಕೋರರನ್ನೇ ಪಕ್ಕಕ್ಕೆ ತಳ್ಳಿ, ಉತ್ತರ ಮಾಲಿಯ ಟಿಂಬಕ್ಟು ನಗರದ ಹಳೇ ಸೂಫಿ ಗೋರಿಗಳನ್ನು ಒಡೆದು ಹಾಕಿದವು. ಸತ್ತಿದ್ದು, ಊರು ಬಿಟ್ಟಿದ್ದು ಜಾಸ್ತಿ ಮುಸ್ಲಿಮರೇ, ಇದನ್ನು ಯಾರೂ ಅಷ್ಟಾಗಿ ಹೇಳಲ್ಲ.

ಹಾಗಂತ ಎಲ್ಲಾ ತಪ್ಪು ನೇಟೊದ್ದು ಅನ್ನೋದನ್ನು ನಾನು ಒಪ್ಪಲ್ಲ. ಮಾಲಿ ಸರ್ಕಾರದ ಮೇಲೆ ತುವಾರೆಗರ ಸಿಟ್ಟು 1960ರ ದಶಕದಿಂದಲೂ ಇತ್ತು. ಲಿಬಿಯಾ ಕೊಟ್ಟಿದ್ದು ಆಯುಧ. ಜಿಹಾದಿಗಳನ್ನು ಹತ್ತಿಕ್ಕಲು 2013ರಲ್ಲಿ ಮಾಲಿಗೆ ಬಂದ ಫ್ರೆಂಚ್ ಸೇನೆ 2022ರಲ್ಲಿ ವಾಪಸ್ ಹೋಯಿತು, ಜಗಳ ಮಾತ್ರ ಅಷ್ಟರಲ್ಲಿ ಪಕ್ಕದ ದೇಶಗಳಾದ ಬುರ್ಕಿನಾ ಫಾಸೊ, ನೈಜರ್‌ಗೂ ಹಬ್ಬಿತ್ತು.