ಫ್ರೆಂಚ್ ಪದದ ಕೆಳಗೆ ಕನ್ನಡ ಅಕ್ಷರ: ಬರೆಯಬಹುದೇ, ಬಾರದೇ?

ಫ್ರೆಂಚ್ ಕಲಿಯುವ ಬಗ್ಗೆ ಪುಣೆ, ಮುಂಬೈ, ಗೋವಾ ಕಡೆಯ ಕನ್ನಡಿಗರು ಕಳಿಸಿದ ಪ್ರಶ್ನೆಗಳಲ್ಲಿ ಅರ್ಧದಷ್ಟು ಹೋದ ಸಲದವೇ, ಊರಿನ ಹೆಸರು ಮಾತ್ರ ಬೇರೆ. ಯಾವ ನೋಟ್‌ಬುಕ್ ಕೊಳ್ಳಬೇಕು, ಬ್ಯಾಚ್ ಯಾವಾಗ ಶುರು ಅನ್ನುವುದನ್ನೆಲ್ಲ ನನ್ನನ್ನು ಕೇಳಬೇಡಿ. ಸೇರುವ ಕ್ಲಾಸಿನ ಕೌಂಟರಿನಲ್ಲಿ ಕೇಳಿದರೆ ಎರಡು ನಿಮಿಷದ ಕೆಲಸ. ಪದೇ ಪದೇ ಬರುವ ಒಂದೇ ಒಂದು ಪ್ರಶ್ನೆಗೆ ಈ ಸಲ ಪೂರ್ತಿ ಉತ್ತರ ಕೊಟ್ಟು ಮುಗಿಸುತ್ತೇನೆ. ಉಳಿದವಕ್ಕೆ ಚುಟುಕು.

ಪ್ರಶ್ನೆ: ನಾನು ಬೆಳಗಾವಿಯವಳು, ಮದುವೆಯಾಗಿ ಬಂದು ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ಫ್ರೆಂಚಿನ ಮೊದಲ ಮಟ್ಟವಾದ ಎ1 ಕ್ಲಾಸಿಗೆ ಈಚೆಗೆ ಸೇರಿದೆ. ಪ್ರತಿ ಪದದ ಕೆಳಗೆ ಪೆನ್ಸಿಲ್ಲಿನಲ್ಲಿ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುತ್ತೇನೆ. ಟೀಚರ್ ಬೈಯುತ್ತಾರೆ. ಪಕ್ಕದವಳು ಇಂಗ್ಲಿಷಿನಲ್ಲಿ ಬರೆದುಕೊಂಡರೆ ಏನೂ ಅನ್ನುವುದಿಲ್ಲ. ಕನ್ನಡದಲ್ಲಿ ಬರೆಯುವುದು ತಪ್ಪೇ?

ಬೈಯುವುದೇ ಆದರೆ ಮೊದಲು ಪಕ್ಕದವಳಿಗೆ ಬೈಯಬೇಕಿತ್ತು. ಫ್ರೆಂಚನ್ನು ಇಂಗ್ಲಿಷಿನ ಬಾಯಲ್ಲಿ ಕಲಿಯುವುದು ಕನ್ನಡದ ಬಾಯಲ್ಲಿ ಕಲಿಯುವುದಕ್ಕಿಂತ ಕೆಟ್ಟದ್ದು, ಕಾರಣವೂ ಇದೆ. ಫ್ರೆಂಚರ 'ಟಿ' ಅಕ್ಷರದ ಸದ್ದು ನಮ್ಮ 'ತ'. ನಾಲಗೆ ಹಲ್ಲಿಗೆ ತಾಗುತ್ತದೆ. ಅವರ 'ಡಿ' ನಮ್ಮ 'ದ'. 'ಪ', 'ಕ'ಗಳನ್ನೂ ಅವರು ನಮ್ಮ ಹಾಗೆ ಉಸಿರು ಊದದೆ ಹೇಳುತ್ತಾರೆ. ಲಂಡನ್ನಿನವನು ಇದಕ್ಕಾಗಿ ತಿಂಗಳುಗಟ್ಟಲೆ ಬೆವರು ಹರಿಸುತ್ತಾನೆ, ನಿಮಗೆ ಹುಟ್ಟಿನಿಂದಲೇ ಬಂದಿದೆ. ಅಷ್ಟಿದ್ದೂ ನಮ್ಮ ಜನ 'ತ್ರೆ ಬಿಯಾಂ' (ತುಂಬಾ ಚೆನ್ನಾಗಿದೆ) ಎನ್ನುವಲ್ಲಿ 'ಟ್ರೆ ಬಿಯಾನ್' ಅನ್ನುತ್ತಾರೆ, 'ತಾಬ್ಲ್' ಎನ್ನುವಲ್ಲಿ 'ಟೇಬಲ್' ಅನ್ನುತ್ತಾರೆ. ಕೈಯಲ್ಲಿದ್ದ ಕಾಸನ್ನು ಇಂಗ್ಲಿಷಿನ ಹುಂಡಿಗೆ ಹಾಕಿ ಬರಿಗೈಯಲ್ಲಿ ಕ್ಲಾಸಿಗೆ ಬಂದಂತೆ.

ಹಾಗಂತ ನಿಮ್ಮ ಪೆನ್ಸಿಲ್ಲಿಗೂ ನಾನು ಪರವಾನಗಿ ಕೊಡುತ್ತಿಲ್ಲ. ಮುಂದಿನ ವಾರ 'ಮೇಲೆ', 'ಕೆಳಗೆ' ಎನ್ನುವ ಎರಡು ಪದ ಬರುತ್ತವೆ. ಎರಡನ್ನೂ ನೀವು 'ದೆಸು' ಎಂದೇ ಬರೆದುಕೊಳ್ಳುತ್ತೀರಿ, ಏಕೆಂದರೆ ಕನ್ನಡದಲ್ಲಿ ಬೇರೆ ದಾರಿ ಇಲ್ಲ. ಕೆಳಗೆ ಎಂಬುದರ ಕೊನೆಗೆ ನಮ್ಮ 'ಉ' ಇದೆ, ಮೇಲೆ ಎಂಬುದರ ಕೊನೆಗೆ ನಮ್ಮಲ್ಲಿಲ್ಲದ ಸ್ವರ ಇದೆ. ಮನೆಗೆ ಬಂದು ಪುಸ್ತಕ ತೆರೆದರೆ ಎರಡು ದೆಸು ಕೂತಿರುತ್ತವೆ, ಯಾವುದು ಹೇಗೆ ಕೇಳಿಸಿತ್ತು ಎಂಬುದು ಮರೆತಿರುತ್ತದೆ. ಆ ಸ್ವರ ಬರೆದು ಬರುವುದಿಲ್ಲ. ಕನ್ನಡಿ ಮುಂದೆ ನಿಂತು ಉದ್ದಕ್ಕೆ 'ಈ' ಅನ್ನಿ. ನಾಲಗೆಯನ್ನು ಅಲ್ಲೇ ಇಟ್ಟು ತುಟಿಗಳನ್ನಷ್ಟೇ 'ಊ' ಅನ್ನುವಂತೆ ಗುಂಡಗೆ ಮಾಡಿ. ಬಂತಲ್ಲ, ಅದೇ. ಮೊದಲ ದಿನ ನಗು ಬರುತ್ತದೆ. ನಕ್ಕು ಮುಂದುವರಿಸಿ.

ಇದಕ್ಕಿಂತ ದೊಡ್ಡ ಮೋಸಗಾರ ನಮ್ಮ ಸೊನ್ನೆ. ಅಂಕ, ಅಂತ, ಅಂಬಲಿ ಎಂದು ನಿಧಾನವಾಗಿ ಹೇಳಿ ನೋಡಿ. ಮೊದಲನೆಯದರಲ್ಲಿ ನಾಲಗೆ ಹಿಂದಕ್ಕೆ ಹೋಗಿ ತಾಗುತ್ತದೆ, ಎರಡನೆಯದರಲ್ಲಿ ಹಲ್ಲಿಗೆ, ಮೂರನೆಯದರಲ್ಲಿ ತುಟಿ ಮುಚ್ಚುತ್ತದೆ. ಕನ್ನಡದ ಸೊನ್ನೆ ಎಲ್ಲೋ ಒಂದು ಕಡೆ ಬಾಗಿಲು ಹಾಕಲೇಬೇಕು. ಫ್ರೆಂಚಿನ ಮೂಗಿನ ಸ್ವರಗಳಲ್ಲಿ ಏನೂ ಮುಚ್ಚುವುದಿಲ್ಲ, ಬಾಯಿ ತೆರೆದೇ ಇರುತ್ತದೆ. ವೈನಿಗೆ 'ವ್ಯಾಂ', ಗಾಳಿಗೆ 'ವಾಂ', ಅವರು ಹೋಗುತ್ತಾರೆ ಎನ್ನಲು 'ವೋಂ' ಎಂದು ಬರೆದುಕೊಂಡವರು ಮಾರನೇ ದಿನ ವ್ಯಾಮ್, ವಾಮ್, ವೋಮ್ ಎಂದು ಓದುತ್ತಾರೆ. ಆದರೆ ಫೋನ್ ಎತ್ತಿ 'ಹ್ಞಾಂ, ಹೇಳ್ರಿ' ಅನ್ನುತ್ತೀರಲ್ಲ, ಆ 'ಹ್ಞಾಂ' ಶುದ್ಧ ಮೂಗಿನ ಸ್ವರ. ಅದನ್ನು ಹಿಡಿದುಕೊಂಡೇ ಉಳಿದವನ್ನು ಅಭ್ಯಾಸ ಮಾಡಿ.

ಗಂಟಲಿನ 'ರ' ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಾಲಗೆ ತುದಿಯ ನಮ್ಮ 'ರ' ಹೇಳಿದರೂ ಅವರಿಗೆ ಅರ್ಥವಾಗುತ್ತದೆ. ಬೆಳಗ್ಗೆ ಎದ್ದು ನೀರು ಮುಕ್ಕಳಿಸಿ 'ರ' ಕಲಿಸುವ ವೀಡಿಯೊಗಳಿಂದ ಗಂಟಲು ಕೆರೆಯುತ್ತದೆ, ಭಾಷೆ ಬರುವುದಿಲ್ಲ.

ಕನ್ನಡ ಅಕ್ಷರ ನಿಜವಾಗಿ ಕೈಕೊಡುವುದು ಕ್ರಿಯಾಪದದಲ್ಲಿ. ಮಾತಾಡು ಎಂಬ ಕ್ರಿಯೆ ತೆಗೆದುಕೊಳ್ಳಿ. ನಾನು, ನೀನು, ಅವನು, ಅವರು, ನಾಲ್ಕಕ್ಕೂ ಕಿವಿಗೆ ಕೇಳುವುದು 'ಪಾರ್ಲ್' ಒಂದೇ. ಬರವಣಿಗೆಯಲ್ಲಿ ಮಾತ್ರ ಮೂರು ರೂಪ, ಕೊನೆಯ ಅಕ್ಷರಗಳು ಮೌನ. ನೀವು ನಾಲ್ಕರ ಕೆಳಗೂ 'ಪಾರ್ಲ್' ಎಂದು ಬರೆದು ಕನ್ನಡವನ್ನೇ ಓದುತ್ತಾ ಹೋದರೆ, ಮೇಲಿನ ಸಾಲು ಕಣ್ಣಿಗೆ ಬೀಳುವುದೇ ಇಲ್ಲ. ಡಿಕ್ಟೇಶನ್ ದಿನ ಕಣ್ಣಲ್ಲಿ ನೀರು. ಇನ್ನೊಂದು: ನಾವು 'ನಾಳೆ ಬರ್ತೀನಿ' ಅಂದರೆ ಸಾಕು, ಬರುವವರು ಯಾರೆಂದು ಕ್ರಿಯಾಪದವೇ ಹೇಳುತ್ತದೆ. ಫ್ರೆಂಚ್ ಕಿವಿಗೆ ಆ ಸುಳಿವು ಸಿಗದ್ದರಿಂದ ನಾನು, ನೀನು, ಅವರು ಎಂಬುದನ್ನು ಹೇಳಲೇಬೇಕು. ಕನ್ನಡಿಗ ವಿದ್ಯಾರ್ಥಿಗಳ ಉತ್ತರ ಪತ್ರಿಕೆಯಲ್ಲಿ ಸರ್ವನಾಮ ನುಂಗಿದ ವಾಕ್ಯಗಳಿಗೆ ನಾನು ಹಾಕುವ ಕೆಂಪು ಗೆರೆಗೆ ಲೆಕ್ಕವಿಲ್ಲ.

ಅಕ್ಷರ ಬಿಟ್ಟು ವ್ಯಾಕರಣ ತನ್ನಿ, ಅದು ಉಪಯೋಗಕ್ಕೆ ಬರುತ್ತದೆ. ಹೈಸ್ಕೂಲಿನಲ್ಲಿ ಲೋಪ, ಆಗಮ, ಆದೇಶ ಬಾಯಿಪಾಠ ಮಾಡಿದ್ದೀರಲ್ಲ? ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದ ಹಾಗೆಯೇ 'ಲ' ಮತ್ತು ಸ್ನೇಹಿತ ಎಂಬರ್ಥದ 'ಅಮಿ' ಸೇರಿ 'ಲಾಮಿ' ಆಗುತ್ತದೆ. ಎರಡು ಸ್ವರ ಎದುರಾದಾಗ ಮನೆಯನ್ನು ಎಂಬಲ್ಲಿ ನಾವು 'ಯ' ತರುತ್ತೇವೆ, ಅವನಿಗೆ ಇದೆಯೇ ಎಂದು ಕೇಳುವಾಗ ಅವರು 'ತ' ತಂದು 'ಆತಿಲ್' ಅನ್ನುತ್ತಾರೆ. ಸ್ನೇಹಿತರು ಎನ್ನಲು 'ಲೆಝಾಮಿ' ಎಂದಾಗ ಮಧ್ಯೆ ಇಣುಕುವ 'ಝ' ಸುಮ್ಮನೆ ಮಲಗಿದ್ದ ಬಹುವಚನದ ಅಕ್ಷರ, ಮುಂದೆ ಸ್ವರ ಬಂತೆಂದು ಎದ್ದಿದೆ. ಇಂಗ್ಲಿಷ್ ಮೀಡಿಯಮ್ಮಿನ ಮಕ್ಕಳಿಗೆ ಇದನ್ನು ಅರ್ಥ ಮಾಡಿಸುವುದರೊಳಗೆ ನನಗೆ ಸುಸ್ತಾಗುತ್ತದೆ.

ಹಾಗಾಗಿ ಹೀಗೆ ಮಾಡಿ. ಪುಸ್ತಕದಲ್ಲಿರುವ ಕನ್ನಡವನ್ನು ರಬ್ಬರಿನಿಂದ ಅಳಿಸಿ. ಕೊನೆಯ ಪುಟದಲ್ಲಿ ಸದ್ದುಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳಿ, ಅಲ್ಲಿ ಮಾತ್ರ ಕನ್ನಡ: ಯಾವ ಅಕ್ಷರಗುಚ್ಛಕ್ಕೆ ಯಾವ ಸದ್ದು ಎಂಬಷ್ಟೇ. ಪಾಠದ ಆಡಿಯೊ ಮೊದಲು ಪುಸ್ತಕ ಮುಚ್ಚಿ ಕೇಳಿ, ಜೊತೆಗೇ ಹೇಳಿ, ಆಮೇಲೆ ಪುಟ ತೆರೆಯಿರಿ. ಫೋನಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ ಮೂಲದ ಪಕ್ಕ ಇಟ್ಟು ಕೇಳಿ. ಟಿವಿ5 ಮೋಂದ್ ಎಂಬ ಫ್ರೆಂಚ್ ಟಿವಿ ಚಾನೆಲ್‌ನವರು ಹೊಸಬರಿಗಾಗಿ ಪುಕ್ಕಟೆ ಅಭ್ಯಾಸಗಳನ್ನು ಇಟ್ಟಿದ್ದಾರೆ, ಬಳಸಿ. ಈ ಅಂಕಣದಲ್ಲಿ ನಾನೇ ಕನ್ನಡದಲ್ಲಿ ಬರೆದ ಫ್ರೆಂಚನ್ನು ದಯವಿಟ್ಟು ಹೀಗೇ ಓದಿ ಯಾರ ಮುಂದೆಯೂ ಹೇಳಬೇಡಿ.

ಪ್ರಶ್ನೆ: ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಡೆಲ್ಫ್ ಎಂಬ ಫ್ರೆಂಚ್ ಪರೀಕ್ಷೆಯ ಬಿ2 ಮಟ್ಟ ಮಾಡಿಕೊಂಡರೆ ಕೆನಡಾ ಪಿಆರ್‌ಗೆ (ಕಾಯಂ ವಾಸಕ್ಕೆ) ಅಂಕ ಸಿಗುತ್ತದೆ, ಆರು ತಿಂಗಳು ಸಾಕು ಅಂದರು ಏಜೆಂಟರು. ನಿಜವೇ?

ಫೀಸು ಕೊಟ್ಟಿಲ್ಲ ತಾನೆ? ಪಿಆರ್‌ಗೆ ಅಂಕದ ಮೇಲೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಗೆ ಕೆನಡಾ ಸರ್ಕಾರ ಒಪ್ಪುವ ಫ್ರೆಂಚ್ ಪರೀಕ್ಷೆಗಳು ಟೆಫ್ ಕೆನಡಾ ಮತ್ತು ಟಿಸಿಎಫ್ ಕೆನಡಾ. ಡೆಲ್ಫ್ ಅಲ್ಲಿ ನಡೆಯುವುದಿಲ್ಲ. ಡೆಲ್ಫ್ ಸರ್ಟಿಫಿಕೇಟು ಜೀವನಪೂರ್ತಿ ಇರುತ್ತದೆ, ಟೆಫ್, ಟಿಸಿಎಫ್ ಫಲಿತಾಂಶಕ್ಕೆ ಎರಡೇ ವರ್ಷ ಆಯುಸ್ಸು. ಫ್ರೆಂಚಿನ ಹೆಚ್ಚುವರಿ ಅಂಕಕ್ಕೆ ಓದು, ಬರಹ, ಕೇಳು, ಮಾತು ನಾಲ್ಕರಲ್ಲೂ ಕೆನಡಾದ ಫ್ರೆಂಚ್ ಅಳತೆಗೋಲಾದ ಎನ್‌ಸಿಎಲ್‌ಸಿಯ 7ನೇ ಮಟ್ಟ ಬೇಕು. ಮೂರರಲ್ಲಿ ಬಂದು ಒಂದರಲ್ಲಿ ತಪ್ಪಿದರೆ ಇಲ್ಲ. ಅದು ಸುಮಾರು ಬಿ2 ಮಟ್ಟ, ಸೊನ್ನೆಯಿಂದ ಅಲ್ಲಿಗೆ ಸಾಧಾರಣವಾಗಿ 600 ಗಂಟೆ ಹಿಡಿಯುತ್ತದೆ. ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ಆರು ದಿನ ಕೂತರೂ ವರ್ಷ ಸರಿಹೋಯಿತು. ಆಫೀಸಿನ ಕಾಲ್ ಮುಗಿಸಿ ರಾತ್ರಿ ಹತ್ತಕ್ಕೆ ಆಕಳಿಸುತ್ತಾ ಕೂರುವುದನ್ನು ನಾನು ಗಂಟೆ ಎಂದು ಲೆಕ್ಕ ಹಾಕುವುದಿಲ್ಲ. ನಿಯಮಗಳು ಬದಲಾಗುತ್ತವೆ. ಏಜೆಂಟರ ವಾಟ್ಸಾಪ್ ಬಿಟ್ಟು ಕೆನಡಾ ಸರ್ಕಾರದ ಪುಟವನ್ನೇ ಓದಿ.

ಪ್ರಶ್ನೆ: '30 ದಿನದಲ್ಲಿ ನಿರರ್ಗಳ ಫ್ರೆಂಚ್' ಕೋರ್ಸಿಗೆ ಸೇರಲೇ?

ಬೇಡ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿ ಹುಟ್ಟಿ ಬೆಳೆದೆ. ಮನೆಯಲ್ಲಿ ಕನ್ನಡ, ಹೊರಗೆ ಕೊಂಕಣಿ. ಇದರಿಂದ ಏನಾದರೂ ಅನುಕೂಲ?

ಬಹಳ. ಕೊಂಕಣಿಯಲ್ಲಿ ಮೂಗಿನ ಸ್ವರಗಳಿವೆ, ಮೇಲೆ ಬೆಳಗಾವಿಯವರಿಗೆ ಹೇಳಿದ್ದರಲ್ಲಿ ಅರ್ಧ ನಿಮಗೆ ಬೇಡ. ಪಕ್ಕದ ಮನೆಯ ಅಜ್ಜಿಗೆ ಫ್ರೆಂಚಿನ ಸೋದರಭಾಷೆ ಪೋರ್ಚುಗೀಸ್ ಬರುತ್ತಿದ್ದರೆ ಪದಗಳಿಗೂ ಸಹಾಯ ಕೇಳಿ. ಉಚ್ಚಾರ ಮಾತ್ರ ಅವರಿಂದ ಕಲಿಯಬೇಡಿ.

ಪ್ರಶ್ನೆ: ಪುಣೆಯಲ್ಲಿದ್ದು ಮರಾಠಿ ಚೆನ್ನಾಗಿ ಬರುತ್ತದೆ. ಲಿಂಗ ಸುಲಭವಾಗುತ್ತದೆಯೇ?

ವಸ್ತುಗಳಿಗೂ ಗಂಡು ಹೆಣ್ಣು ಇರುತ್ತದೆ ಎಂಬ ಆಘಾತ ತಪ್ಪುತ್ತದೆ, ಅಷ್ಟೇ. ಮರಾಠಿಯಲ್ಲಿ ಮನೆ ನಪುಂಸಕ, ಫ್ರೆಂಚಿನಲ್ಲಿ ಸ್ತ್ರೀಲಿಂಗ. ಪುಸ್ತಕ ಅಲ್ಲಿ ನಪುಂಸಕ, ಇಲ್ಲಿ ಪುಲ್ಲಿಂಗ. ನಾಮಪದವನ್ನು ಒಂಟಿಯಾಗಿ ಕಲಿಯದೆ ಅದಕ್ಕೆ ಮೊದಲು ಬರುವ, ಲಿಂಗ ತೋರಿಸುವ ಚಿಕ್ಕ ಪದದ ಸಮೇತ ಕಲಿಯಿರಿ. ಅಡ್ಡದಾರಿ ಇಲ್ಲ.

ಪ್ರಶ್ನೆ: ಪುಣೆಯಲ್ಲಿ ಫ್ರೆಂಚ್ ಕಲಿಯಲು ರಾನಡೆ ಇನ್‌ಸ್ಟಿಟ್ಯೂಟೋ, ಅಲಿಯಾನ್ಸ್ ಫ್ರಾನ್ಸೇಸೋ?

ಮೊದಲನೆಯದರಲ್ಲಿ ಪುಣೆ ವಿಶ್ವವಿದ್ಯಾಲಯದ ಸರ್ಟಿಫಿಕೇಟು, ಎರಡನೆಯದರಲ್ಲಿ ಎ1, ಎ2 ಎಂಬ ಯುರೋಪಿನ ಮಟ್ಟಗಳು. ಏನು ಬೇಕೆಂದು ನಿಮಗೇ ಗೊತ್ತಿಲ್ಲದಿದ್ದರೆ ಯಾವುದರ ಬಸ್ಸು ಸುಲಭವೋ ಅಲ್ಲಿಗೆ ಹೋಗಿ. ಮಳೆಗಾಲದಲ್ಲಿ ಕ್ಲಾಸ್ ತಪ್ಪಿಸುವವರೇ ಹೆಚ್ಚು.

ಪ್ರಶ್ನೆ: ಮುಂಬೈಯಲ್ಲಿ ಹನ್ನೆರಡನೇ ತರಗತಿ ಮುಗಿಸಿದೆ. ಫ್ರೆಂಚಿನಲ್ಲಿ 90ಕ್ಕೂ ಹೆಚ್ಚು ಅಂಕ. ನೇರ ಬಿ1ಗೆ ಕೂರಬಹುದೇ?

ನಿಮ್ಮ ಫೋನ್ ನಂಬರನ್ನು ಫ್ರೆಂಚರಂತೆ ಎರಡೆರಡು ಅಂಕೆಯಾಗಿ ತಡವರಿಸದೆ ಹೇಳಿ ನೋಡಿ. 75ಕ್ಕೆ 'ಅರವತ್ತು-ಹದಿನೈದು', 98ಕ್ಕೆ 'ನಾಲ್ಕು-ಇಪ್ಪತ್ತು-ಹದಿನೆಂಟು'. ಆಗಲಿಲ್ಲವಾದರೆ ಎ1.

ಪ್ರಶ್ನೆ: ಇಂಗ್ಲಿಷ್ ಬಂದರೂ ಫ್ರೆಂಚರು ಮಾತಾಡುವುದಿಲ್ಲವಂತೆ, ಅಹಂಕಾರವಂತೆ?

ಅಂಗಡಿಗೆ ನುಗ್ಗಿ 'ಬೋಂಜೂರ್' ಅನ್ನದೆ ನೇರ ಬೆಲೆ ಕೇಳಿದವರು ಹಬ್ಬಿಸಿದ ಮಾತು. ಅಲ್ಲಿ ಅದು ಒರಟುತನ. ಮೊದಲು ನಮಸ್ಕಾರ ಹೇಳಿ, ಆಮೇಲೆ ಬೇಕಾದರೆ ಇಂಗ್ಲಿಷಿನಲ್ಲೇ ಕೇಳಿ.